ತಣ್ಣಗಿದ್ದರೆ ಸಾಲದು, ಹಗುರವಾಗಿಯೂ ಇರಬೇಕು

ಶಿಕಾರಿಪುರ, ಸೊರಬದ ಸೀಮೆಯಲ್ಲಿ ಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಯವರಿಂದ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದು ಈಗ ಮಾಮೂಲಿ. ಅವರು ವೀರ್ಯ ಇಟ್ಟಿರುವ ದಪ್ಪ ಹೊಟ್ಟೆ, ಸಣ್ಣ ಕುತ್ತಿಗೆಯ ಅಲ್ಯೂಮಿನಿಯಂ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಚೆಲ್ಲುತ್ತದೆ. ಹೊಗೆಯಲ್ಲ ಅದು, ಚಳಿಗೆ ಮಂಜಾದ ಗಾಳಿಯ ತೇವ. ಒಳಗಿರುವುದು ದ್ರವ ಸಾರಜನಕ. ಮೈನಸ್ 196 ಡಿಗ್ರಿ ಸೆಲ್ಸಿಯಸ್, ಅಂದರೆ 77 ಕೆಲ್ವಿನ್. ವೀರ್ಯದ ಸ್ಟ್ರಾಗಳು ಅದರಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ.

ಇಂಥ ಚಳಿಯಲ್ಲಿ ಕ್ವಾಂಟಂ ಚೇಷ್ಟೆ ಶುರುವಾಗಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಆಗಿರುವುದಿಲ್ಲ.

ಯಾಕೆಂದು ತಿಳಿಯಲು ಅನಿಲ ದ್ರವವಾಗುವ ಬಗೆಯಿಂದ ಶುರುಮಾಡೋಣ. ಪಠ್ಯಪುಸ್ತಕದ ಆದರ್ಶ ಅನಿಲದ ಕಣಗಳಿಗೆ ಮೈಯೂ ಇಲ್ಲ, ನಂಟೂ ಇಲ್ಲ. ನಿಜವಾದ ಅನಿಲವೆಂದರೆ ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ ತೇರಿನ ದಿನ ಸೇರುವ ಜನದ ಹಾಗೆ. ಒಬ್ಬೊಬ್ಬರೂ ಒಂದಿಷ್ಟು ಜಾಗ ಹಿಡಿಯುತ್ತಾರೆ, ಪರಿಚಯದವರು ಕಂಡರೆ ಅತ್ತ ವಾಲುತ್ತಾರೆ. 1873ರಲ್ಲಿ ಡಚ್ ವಿಜ್ಞಾನಿ ವ್ಯಾನ್ ಡರ್ ವಾಲ್ಸ್ ತನ್ನ ಸಮೀಕರಣದಲ್ಲಿ ಸೇರಿಸಿದ್ದು ಇವೆರಡನ್ನೇ, ಕಣದ ಗಾತ್ರ ಮತ್ತು ಸೆಳೆತ. ಚಳಿಗೆ ಓಟ ತಗ್ಗಿದಾಗ ಸೆಳೆತ ಗೆದ್ದು ಅನಿಲ ದ್ರವವಾಗುತ್ತದೆ. ಕ್ಯಾನಿನ ಸಾರಜನಕಕ್ಕೆ ಇಷ್ಟು ವಿವರಣೆ ಧಾರಾಳ.

ಪ್ರತಿ ಕಣಕ್ಕೂ ಒಂದು ಅಲೆಯಿದೆ ಎನ್ನುತ್ತದೆ ಕ್ವಾಂಟಂ ವಿಜ್ಞಾನ. ಕಣ ಹಗುರವಾದಷ್ಟೂ, ತಣ್ಣಗಾದಷ್ಟೂ ಆ ಅಲೆ ಉದ್ದ. 77 ಕೆಲ್ವಿನ್‌ನಲ್ಲಿ ಸಾರಜನಕದ ಅಲೆ ಸುಮಾರು 0.04 ನ್ಯಾನೊಮೀಟರ್, ಅಣುವಿನ ಮೈ ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಅಲೆಯಿದ್ದರೂ ಹೊರಗೆ ತೋರುವುದಿಲ್ಲ.

ಹೀಲಿಯಂ ಕಥೆ ಬೇರೆ. (ಅದರ ಗುರುತು ಮೊದಲು ಕಂಡವರಲ್ಲಿ ನಮ್ಮ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಒಬ್ಬ. 1868ರ ಆಗಸ್ಟ್ 18ರ ಸೂರ್ಯಗ್ರಹಣದ ವೇಳೆ ಅವನು ವರ್ಣಪಟಲದಲ್ಲಿ ಕಂಡ ಕಿತ್ತಳೆ ಗೆರೆ ಸೋಡಿಯಂನದಲ್ಲ, ಹೀಲಿಯಂನದು ಎಂದು ತಿಳಿದದ್ದು ಆಮೇಲೆ.) 1908ರ ಜುಲೈ 10ರಂದು ಲೈಡನ್‌ನಲ್ಲಿ ಡಚ್ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ನೆಸ್ ಅದನ್ನು ದ್ರವವಾಗಿಸಿದರು. ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ. ಆಗ ಅದರ ಅಲೆ ಸುಮಾರು 0.4 ನ್ಯಾನೊಮೀಟರ್, ದ್ರವದಲ್ಲಿ ಪಕ್ಕದ ಪರಮಾಣು ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಅಲೆ ನೆರೆಯವರ ಅಂಗಳಕ್ಕೆ ಕಾಲಿಟ್ಟಿದೆ. ಇನ್ನೊಂದು ಸಂಗತಿ: ಹಗುರ ಕಣವನ್ನು ಇಕ್ಕಟ್ಟಿಗೆ ಹಾಕಿದಷ್ಟೂ ಅದು ಹೆಚ್ಚು ಚಡಪಡಿಸುತ್ತದೆ, ಎಷ್ಟೇ ತಣ್ಣಗಾಗಲಿ. ಈ ಚಡಪಡಿಕೆಯಿಂದಾಗಿಯೇ ಹೀಲಿಯಂ ಸುಮಾರು 25 ವಾಯುಭಾರದ ಒತ್ತಡ ಹಾಕದೆ ಗಟ್ಟಿಯಾಗುವುದೇ ಇಲ್ಲ.

ನನ್ನ ಮಟ್ಟಿಗೆ ಇದಕ್ಕೆ ಗಟ್ಟಿ ಸಾಕ್ಷಿ ಹೀಲಿಯಂನ ಹಗುರ ರೂಪವಾದ ಹೀಲಿಯಂ-3. ಅದಕ್ಕೂ ಮಾಮೂಲಿ ಹೀಲಿಯಂ ಆದ ಹೀಲಿಯಂ-4ಕ್ಕೂ ಎಲೆಕ್ಟ್ರಾನುಗಳು ಎರಡೆರಡೇ; ಗಾತ್ರ, ಸೆಳೆತ ಎರಡೂ ಒಂದೇ. ವ್ಯಾನ್ ಡರ್ ವಾಲ್ಸ್ ಲೆಕ್ಕದಲ್ಲಿ ಅವು ಅವಳಿಗಳು. ಆದರೆ ಹೀಲಿಯಂ-3 ಕುದಿಯುವುದು 3.2 ಕೆಲ್ವಿನ್‌ನಲ್ಲಿ! ಒಂದು ನ್ಯೂಟ್ರಾನ್ ಕಡಿಮೆ, ಅದಕ್ಕೆ ತೂಕ ಕಡಿಮೆ, ಅದಕ್ಕೇ ಚಡಪಡಿಕೆ ಜಾಸ್ತಿ. ಅಷ್ಟರಮಟ್ಟಿಗೆ ಸೆಳೆತ ಸೋಲುತ್ತದೆ.

ಹಾಗಾದರೆ ಭಾರದ ಪರಮಾಣುಗಳ ಗತಿ? ಅವುಗಳ ಅಲೆಯೂ ಹಿಗ್ಗುತ್ತದೆ, ಆದರೆ ಬೇಕಾದ ಚಳಿ ವಿಪರೀತ. 1995ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ರುಬಿಡಿಯಂ ಪರಮಾಣುಗಳ ವಿರಳ ಅನಿಲವನ್ನು ಒಂದೇ ಅಲೆಯ ಹಾಗೆ ವರ್ತಿಸುವಂತೆ ಮಾಡಲು ಕೆಲ್ವಿನ್‌ನ ನೂರು ಕೋಟಿಯಲ್ಲಿ ಸುಮಾರು 170 ಪಾಲಿನಷ್ಟು ತಣ್ಣಗಿಳಿಸಬೇಕಾಯಿತು. ಇಂಥ ಅತಿಶೀತಲ ಪರಮಾಣುಗಳ ಪ್ರಯೋಗಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ನಡೆಯುತ್ತಿವೆ.