ಹಳೆಯ ತಂತ್ರಾಂಶಗಳೂ ಹೊಸ ಯಂತ್ರಗಳೂ

ಮನುಷ್ಯನು ಮಾಡಿದ ವಸ್ತುಗಳೆಲ್ಲವೂ ಬಳಸಿದಷ್ಟೂ ಸವೆಯುವುವು. ಕುಡುಗೋಲು ಮೊಂಡಾಗುತ್ತದೆ, ಬೀಸುವ ಕಲ್ಲು ತೇಯುತ್ತದೆ, ಬಾವಿಯ ಹಗ್ಗವು ಎಳೆಯೆಳೆಯಾಗಿ ಹಿಂಜುತ್ತದೆ. ಕಂಪ್ಯೂಟರನ್ನು ನಡೆಯಿಸುವ ತಂತ್ರಾಂಶವು ಮಾತ್ರ ಈ ನಿಯಮಕ್ಕೆ ಹೊರಗಾದುದು. ಇಪ್ಪತ್ತೈದು ವರ್ಷಗಳ ಹಿಂದೆ ಬರೆದ ತಂತ್ರಾಂಶವು ಎಷ್ಟು ಸಲ ಬಳಸಿದರೂ ಸವೆಯತಕ್ಕದ್ದಲ್ಲ. ಆದರೂ ಅದನ್ನು ಹೊಸ ಯಂತ್ರಕ್ಕೆ ತಂದರೆ ಅನೇಕ ವೇಳೆ ಅದು ಏಳುವುದೇ ಇಲ್ಲ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಹಳೆಯ ತಂತ್ರಾಂಶದೊಡನೆ ಮನೆಯ ಹಿರಿಯರ ಬರಹಗಳೂ ಕಣ್ಮರೆಯಾಗುವ ಸಂಭವವುಂಟು.

ತಂತ್ರಾಂಶವು ತಾನೊಂದೇ ನಿಲ್ಲತಕ್ಕ ವಸ್ತುವಲ್ಲ. ಅದಕ್ಕೆ ಕೆಳಗೆ ಪ್ರೊಸೆಸರೆಂಬ ನೆಲವೂ, ಅದರ ಮೇಲೆ ವಿಂಡೋಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಯ ಆಸರೆಯೂ ಬೇಕು. ನೆಲ ಬದಲಾದರೆ ತಂತ್ರಾಂಶವು ನಿಲ್ಲಲಾರದು. ೧೯೭೮ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ೮೦೮೬ ಎಂಬ ಪ್ರೊಸೆಸರು ಒಂದು ಸಲಕ್ಕೆ ೧೬ ಬಿಟ್ಟುಗಳ ಲೆಕ್ಕವನ್ನು ಮಾಡುತ್ತಿತ್ತು. ೧೯೮೧ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿದ್ದುದು ಅದರದೇ ಕುಲದ ೮೦೮೮. ಆ ಕಾಲದ ಡಾಸ್ ತಂತ್ರಾಂಶಗಳೂ, ಬಳಿಕ ಬಂದ ವಿಂಡೋಸಿನ ಮೊದಲ ತಂತ್ರಾಂಶಗಳೂ ಬಹುಮಟ್ಟಿಗೆ ಈ ಅಳತೆಗೇ ಹೊಲಿದವು. ೬೪ ಬಿಟ್ಟಿನ ವಿಂಡೋಸಿನಲ್ಲಿ ಅವನ್ನು ನಡೆಯಿಸುವ ಭಾಗವೇ ಇಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ರಲ್ಲಿ ೬೪ ಬಿಟ್ಟಿನ ಆವೃತ್ತಿಯ ಹೊರತು ಬೇರೆಯದಿಲ್ಲ. ಆದುದರಿಂದ ಹಳೆಯ ತಂತ್ರಾಂಶವನ್ನು ಒತ್ತಿದರೆ, ಇದು ಈ ಯಂತ್ರದಲ್ಲಿ ನಡೆಯದು ಎಂಬ ಒಂದೇ ಉತ್ತರ ಬರುತ್ತದೆ.

ಯಂತ್ರದ ವೇಗವು ಹೆಚ್ಚಿದ್ದರಿಂದಲೇ ತಂತ್ರಾಂಶವು ಕೆಟ್ಟ ದೃಷ್ಟಾಂತವೂ ಉಂಟು. ಬೋರ್ಲಾಂಡ್ ಸಂಸ್ಥೆಯ ಟರ್ಬೊ ಪ್ಯಾಸ್ಕಲಿನಿಂದ ಮಾಡಿದ ಅನೇಕ ತಂತ್ರಾಂಶಗಳು, ಆರಂಭದಲ್ಲಿ ಗಡಿಯಾರದ ಒಂದು ಮಿಡಿತದೊಳಗೆ, ಎಂದರೆ ಸುಮಾರು ೫೫ ಮಿಲಿಸೆಕೆಂಡುಗಳಲ್ಲಿ, ತಾವು ಎಷ್ಟು ಸುತ್ತು ಎಣಿಸಬಲ್ಲೆವೆಂದು ನೋಡಿಕೊಂಡು, ಅದನ್ನು ೫೫ರಿಂದ ಭಾಗಿಸಿ ಯಂತ್ರದ ವೇಗವನ್ನು ಅಳೆಯುತ್ತಿದ್ದವು. ಆ ಭಾಗಲಬ್ಧವು ೬೫,೫೩೫ನ್ನು ಮೀರಲಾರದೆಂಬ ನಂಬಿಕೆಯ ಮೇಲೆ ಅದಕ್ಕೆ ಸ್ಥಳವನ್ನು ಬಿಟ್ಟಿದ್ದರು. ಯಂತ್ರಗಳ ವೇಗವು ೨೦೦ ಮೆಗಾಹರ್ಟ್ಸಿನ ಸುತ್ತುಮುತ್ತಿಗೆ ಏರಿದೊಡನೆ ಆ ನಂಬಿಕೆ ಸುಳ್ಳಾಯಿತು. ನೆಟ್ಟಗಿದ್ದ ತಂತ್ರಾಂಶಗಳು, ಸೊನ್ನೆಯಿಂದ ಭಾಗಿಸಿದಂತಾಯಿತೆಂದು ೨೦೦ನೆಯ ಸಂಖ್ಯೆಯ ತಪ್ಪನ್ನು ತೋರಿಸಿ ನಿಂತುಬಿಟ್ಟವು. ಸೇರಿನ ಪಾತ್ರೆಗೆ ಕೊಳಗದ ಅಕ್ಕಿಯನ್ನು ಸುರಿದರೆ ಚೆಲ್ಲದಿರುವುದೆಂತು?

ಈ ಕಷ್ಟವು ನಿನ್ನೆ ಮೊನ್ನೆಯದಲ್ಲ. ೧೯೬೪ರಲ್ಲಿ ಐಬಿಎಂ ಸಂಸ್ಥೆಯು ಸಿಸ್ಟಂ ೩೬೦ ಎಂಬ ಹೊಸ ಯಂತ್ರಮಾಲೆಯನ್ನು ಪ್ರಕಟಿಸಿದಾಗ, ಅದರ ಹಳೆಯ ೧೪೦೧ ಯಂತ್ರಕ್ಕೆಂದು ಗಿರಾಕಿಗಳು ಬರೆಯಿಸಿಕೊಂಡಿದ್ದ ತಂತ್ರಾಂಶಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಬಿಸಾಡಿರೆಂದರೆ ಹೊಸ ಯಂತ್ರವನ್ನು ಕೊಳ್ಳುವವರಾರು? ಆದಕಾರಣ ಹೊಸ ಯಂತ್ರವೇ ೧೪೦೧ರ ವೇಷವನ್ನು ಧರಿಸುವ ಏರ್ಪಾಟನ್ನು ಮಾಡಿದರು. ಈ ಬಗೆಯ ವೇಷಧಾರಿಗೆ ಎಮ್ಯುಲೇಟರ್ ಎಂದು ಹೆಸರಾಯಿತು.

ಇಂದು ಗೃಹಸ್ಥರಿಗೆ ದೊರೆಯುವ ಉಪಾಯಗಳೂ ಇದೇ ಜಾತಿಯವು. ತಂತ್ರಾಂಶವು ೩೨ ಬಿಟ್ಟಿನದಾಗಿದ್ದರೆ, ವಿಂಡೋಸಿನಲ್ಲಿಯೇ ಇರುವ ಹಳೆಯ ಆವೃತ್ತಿಯಂತೆ ನಡೆದುಕೊಳ್ಳುವ ಸೌಕರ್ಯವನ್ನು ಮೊದಲು ಪರೀಕ್ಷಿಸತಕ್ಕದ್ದು. ಅನೇಕ ಸಲ ಅಷ್ಟೇ ಸಾಕಾಗುತ್ತದೆ. ಡಾಸ್ ಕಾಲದ ತಂತ್ರಾಂಶವಾದರೆ, ೨೦೦೨ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಎಂಬುದನ್ನು ಹಾಕಿಕೊಳ್ಳಬಹುದು. ಅದು ಧರ್ಮಾರ್ಥವಾಗಿ ದೊರೆಯುತ್ತದೆ. ಹಳೆಯ ಪ್ರೊಸೆಸರನ್ನೂ ಅದರ ಮಂದಗತಿಯನ್ನೂ ಅದು ಅನುಕರಿಸುವುದರಿಂದ, ಮೇಲೆ ಹೇಳಿದ ವೇಗದ ಪೀಡೆಯೂ ತಪ್ಪುತ್ತದೆ. ಮೂರನೆಯದು, ಹೊಸ ಕಂಪ್ಯೂಟರಿನೊಳಗೆ ಕಲ್ಪಿತವಾದ ಇನ್ನೊಂದು ಕಂಪ್ಯೂಟರನ್ನು ನಿರ್ಮಿಸಿ, ಅದರಲ್ಲಿ ಹಳೆಯ ವಿಂಡೋಸನ್ನೇ ಕೂರಿಸುವುದು. ವರ್ಚುವಲ್‌ಬಾಕ್ಸ್ ಎಂಬುದು ಈ ಕೆಲಸಕ್ಕೆ ಬರುತ್ತದೆ. ಆದರೆ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ರಕ್ಷಣೆಯು ೨೦೧೪ರ ಏಪ್ರಿಲ್ ೮ರಂದೇ ನಿಂತಿತು. ಆದ್ದರಿಂದ ಅಂಥ ಕಲ್ಪಿತ ಯಂತ್ರಕ್ಕೆ ಅಂತರಜಾಲದ ಬಾಗಿಲನ್ನು ಮುಚ್ಚಿಯೇ ಇಡಬೇಕು.

ಇಷ್ಟು ಸಾಧಿಸಿದರೆ ತಂತ್ರಾಂಶವು ಉಳಿದೀತು. ಆದರೆ ಮನೆಯವರಿಗೆ ಬೇಕಾದುದು ತಂತ್ರಾಂಶವೋ, ಅದರಲ್ಲಿ ಬರೆದಿಟ್ಟ ಮಾತೋ? ಕನ್ನಡಿಗರು ವಿಶೇಷವಾಗಿ ವಿಚಾರಮಾಡಬೇಕಾದುದು ಇಲ್ಲಿಯೇ.

೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವು ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನವರು ರಾಜ್ಯ ಸರಕಾರದ ನೆರವಿನಿಂದ ‘ನುಡಿ’ಯನ್ನು ರಚಿಸಿದರು, ಅದರ ಕೀಲಿಮಣೆಗೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇವುಗಳ ಉಪಕಾರದಿಂದ ಎಷ್ಟೋ ಹಿರಿಯರು ಮುಪ್ಪಿನಲ್ಲಿ ಕೀಲಿಮಣೆಯನ್ನು ಕಲಿತು, ವಂಶದ ಚರಿತ್ರೆಯನ್ನೂ ಸಂಪ್ರದಾಯದ ಹಾಡುಗಳನ್ನೂ ಬರೆದಿಟ್ಟರು. ಆದರೆ ಆಗಿನ ವ್ಯವಸ್ಥೆಗೆ ಒಂದು ಇಕ್ಕಟ್ಟಿತ್ತು. ಒಂದು ಫಾಂಟಿನಲ್ಲಿ ಇದ್ದ ಮನೆಗಳು ೨೫೬ ಮಾತ್ರ. ಅವೂ ಇಂಗ್ಲಿಷ್ ಮೊದಲಾದ ಲಿಪಿಗಳಿಗೆ ಸೇರಿದವು. ಆ ಮನೆಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಬಾಡಿಗೆಗೆ ಇಟ್ಟಂತೆ ಇಟ್ಟರು. ನುಡಿಯ ಹಳೆಯ ಕಡತದಲ್ಲಿ ‘ಕನ್ನಡ’ ಎಂಬ ಪದವು ನಿಜವಾಗಿ ಇರುವುದು ಇಂಗ್ಲಿಷಿನ ಪಿ ಎಂಬ ಅಕ್ಷರದಿಂದ ತೊಡಗಿ, ನಡುವೆ ಪೌಂಡು ನಾಣ್ಯದ ಗುರುತನ್ನುಳ್ಳ ಒಂದು ಸಾಲಾಗಿ. ಫಾಂಟು ಇರುವವರೆಗೆ ಅದು ಕನ್ನಡವಾಗಿ ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅಜ್ಜನ ಆತ್ಮಕಥೆಯು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ.

ಇದಕ್ಕೆ ನೆಲೆಯಾದ ಪರಿಹಾರವು ಯೂನಿಕೋಡ್. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತವು. ಅದರಲ್ಲಿ ಕಕಾರಕ್ಕೆ ೩೨೨೧ ಎಂಬ ಸಂಖ್ಯೆ. ಆ ಸಂಖ್ಯೆಯು ಲೋಕದ ಬೇರೆ ಯಾವ ಅಕ್ಷರಕ್ಕೂ ಸಲ್ಲದು. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಈಗ ಸುಲಭವಾಗಿ ಸಿಕ್ಕುತ್ತವೆ. ಒಮ್ಮೆ ಮಾರ್ಪಟ್ಟ ಬರಹವು ಮೊಮ್ಮಕ್ಕಳ ಕೈಯ ಮೊಬೈಲಿನಲ್ಲಿಯೂ ಓದಲು ಬರುತ್ತದೆ, ಹುಡುಕಿದರೆ ಸಿಕ್ಕುತ್ತದೆ.

ಆದರೆ ಯಂತ್ರವು ಮಾಡಿಕೊಟ್ಟುದನ್ನು ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ‘ಧರ್ಮ’ ಎಂಬಲ್ಲಿ ಹಳೆಯ ಕಡತವು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಮಕಾರದ ಬಳಿಕ ಇಟ್ಟಿರುತ್ತದೆ. ಯೂನಿಕೋಡು ಉಚ್ಚಾರಣೆಯನ್ನು ಅನುಸರಿಸಿ ರಕಾರವನ್ನು ಮೊದಲು ಇಡುತ್ತದೆ. ಈ ಹಿಂದುಮುಂದನ್ನು ಸಾಧನವು ಸರಿಪಡಿಸಬೇಕು. ಅದು ತಪ್ಪಿದರೆ ಪದವೇ ಕೆಡುತ್ತದೆ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ತುಂಡುಗಳೆಂದೇ ಎಣಿಸಲ್ಪಟ್ಟು ಅಸಂಬದ್ಧವಾಗುವುದುಂಟು. ಆದುದರಿಂದ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಿ ತಿದ್ದಬೇಕು.

ಈ ಕಾರಣದಿಂದ ಗೃಹಸ್ಥರಲ್ಲಿ ನಮ್ಮ ಅರಿಕೆಯಿದು. ಹಳೆಯ ಕಂಪ್ಯೂಟರನ್ನು ಗುಜರಿಯವನಿಗೆ ಕೊಡುವುದಕ್ಕೆ ಮುಂಚೆ ಅದರೊಳಗಿನ ಕಡತಗಳನ್ನೂ ಫಾಂಟುಗಳನ್ನೂ ಬೇರೆ ಬೇರೆ ಎರಡು ಕಡೆಗಳಲ್ಲಿ ನಕಲುಮಾಡಿಡಿರಿ. ತಂತ್ರಾಂಶದ ಮೂಲ ಡಿಸ್ಕನ್ನೂ ಅದರ ಪರವಾನಗಿಯ ಸಂಖ್ಯೆಯನ್ನೂ ಜೋಪಾನಮಾಡಿರಿ. ಮಾರ್ಪಡಿಸಿದ ಮೇಲೆಯೂ ಮೂಲ ಕಡತವನ್ನು ಅಳಿಸಬೇಡಿರಿ. ಮುಂದೆ ಇನ್ನೂ ಉತ್ತಮವಾದ ಸಾಧನವು ಬಂದೀತು. ಎಲ್ಲಕ್ಕಿಂತ ಮುಖ್ಯವಾಗಿ, ಬರೆದವರು ನಮ್ಮ ನಡುವೆ ಇರುವಾಗಲೇ ಈ ಕೆಲಸವನ್ನು ಮುಗಿಸಿರಿ. ಎಮ್ಯುಲೇಟರನ್ನು ಹತ್ತು ವರ್ಷಗಳ ಮೇಲೆಯೂ ತರಬಹುದು. ಆದರೆ ಕೆಟ್ಟ ಸಾಲಿನಲ್ಲಿ ಇದ್ದ ಊರಿನ ಹೆಸರು ಯಾವುದು, ಹಾಡಿನ ಮುಂದಿನ ಚರಣ ಯಾವುದು ಎಂದು ಹೇಳಬಲ್ಲವರು ಅಜ್ಜಿಯೂ ಅಜ್ಜನೂ ಮಾತ್ರ. ಒಂದು ಭಾನುವಾರದ ಮಧ್ಯಾಹ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದತೊಡಗಿದರೆ, ಬರಹವೂ ಉಳಿಯುವುದು, ಅದರಲ್ಲಿ ಬಿಟ್ಟುಹೋದ ಎಷ್ಟೋ ಸಂಗತಿಗಳೂ ಕಿವಿಗೆ ಬೀಳುವುವು.