ಮುಪ್ಪು ತಡೆಯುವ ಹಾರ್ಮೋನು: ನಿಜವೆಷ್ಟು, ವ್ಯಾಪಾರವೆಷ್ಟು?

ಹಾರ್ಮೋನು ತೆಗೆದುಕೊಂಡರೆ ವಯಸ್ಸು ಹಿಂದಕ್ಕೆ ಹೋಗುತ್ತದೆ ಎಂಬ ಮಾತು ಹೊಸದಲ್ಲ. 1889ರಲ್ಲಿ ಪ್ಯಾರಿಸ್‌ನಲ್ಲಿ ಬ್ರೌನ್ ಸೆಕಾರ್ ಎಂಬ ಹೆಸರಾಂತ ವೈದ್ಯರು, ತಮ್ಮ 72ನೇ ವಯಸ್ಸಿನಲ್ಲಿ, ಪ್ರಾಣಿಗಳ ವೃಷಣದ ರಸವನ್ನು ತಾವೇ ಚುಚ್ಚಿಕೊಂಡು ಹಳೆಯ ಕಸುವು ಮರಳಿತೆಂದು ಸಾರಿದ್ದರು. ಆ ನೀರು ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನು ಇರಲೇ ಇಲ್ಲ. ಕಸುವು ಬಂದದ್ದು ನಂಬಿಕೆಯಿಂದ!

ಈಗಿನ ವ್ಯಾಪಾರಕ್ಕೆ ಬೀಜ ಬಿದ್ದದ್ದು 1990ರಲ್ಲಿ. ಅಮೆರಿಕದ ಡಾ. ಡೇನಿಯಲ್ ರುಡ್ಮನ್ ತಂಡ 60 ದಾಟಿದ 12 ಗಂಡಸರಿಗೆ ಆರು ತಿಂಗಳು, ವಾರಕ್ಕೆ ಮೂರು ಸಲ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಕೊಟ್ಟಿತು. ಮೈಯ ಕೊಬ್ಬು ಶೇ. 14.4 ಇಳಿಯಿತು, ಕೊಬ್ಬಿಲ್ಲದ ಭಾಗ ಶೇ. 8.8 ಏರಿತು. ಪತ್ರಿಕೆಗಳು ಇದನ್ನೇ ಯೌವನದ ಮದ್ದು ಎಂದವು. ಆದರೆ ಅವರ ಶಕ್ತಿ ಹೆಚ್ಚಿತೇ ಎಂದು ಅಲ್ಲಿ ಅಳೆದಿರಲಿಲ್ಲ. ಮುಂದೆ ಬೇರೆಯವರು ಅಳೆದಾಗ ಸ್ನಾಯು ದಪ್ಪವಾದರೂ ಬಲ ಅಷ್ಟಾಗಿ ಹೆಚ್ಚಲಿಲ್ಲ. ಬದಲಿಗೆ ಕೈಕಾಲು ಬಾವು, ಕೀಲುನೋವು, ಕೆಲವರಲ್ಲಿ ರಕ್ತದ ಸಕ್ಕರೆ ಏರಿಕೆ ಕಂಡವು.

ಡಿಎಚ್‌ಇಎ ಎಂಬ ಗುಳಿಗೆಯದೂ ಇದೇ ಕಥೆ. ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲಿ ತಯಾರಾಗುವ ಈ ಹಾರ್ಮೋನು ಇಪ್ಪತ್ತರ ಹರೆಯದಲ್ಲಿ ಹೆಚ್ಚು, ಎಪ್ಪತ್ತಕ್ಕೆ ಬಹಳ ಕಡಿಮೆ. ಕಡಿಮೆಯಾದದ್ದನ್ನು ತುಂಬಿದರೆ ಮುಪ್ಪು ನಿಲ್ಲುತ್ತದೆ ಎಂಬುದು ಮಾರುವವರ ವಾದ. ತಲೆಕೂದಲಿಗೆ ಕಪ್ಪು ಹಚ್ಚಿದರೆ ವಯಸ್ಸು ಇಳಿದೀತೇ? ವಯಸ್ಸಾದವರ ಮೇಲೆ ಎರಡು ವರ್ಷ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ನಾಯುಬಲವಾಗಲಿ, ಬದುಕಿನ ನೆಮ್ಮದಿಯಾಗಲಿ ಹೆಚ್ಚಲಿಲ್ಲ.

ಹೆಂಗಸರ ವಿಷಯ ಸ್ವಲ್ಪ ಬೇರೆ. ಮುಟ್ಟು ನಿಂತವರಿಗೆ ಎರಡು ಹಾರ್ಮೋನು ಕೂಡಿಸಿ ಕೊಟ್ಟು, 16,000ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಅಧ್ಯಯನವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೂಳೆ ಮುರಿತ ಕಡಿಮೆಯಾಗಿತ್ತು ನಿಜ, ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದ್ದವು. ಹಾಗೆಂದು ಅದು ವಿಷವೂ ಅಲ್ಲ. 60ರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಕಳೆಯದಿದ್ದರೆ, ಮೈ ಉರಿ, ಬೆವರಿನ ಕಾಟ ತಾಳಲಾಗದಿದ್ದಾಗ ವೈದ್ಯರು ನೋಡಿ ಕೊಡುತ್ತಾರೆ. ಅದು ಆ ಕಾಟಕ್ಕೆ ಮದ್ದು, ಮುಪ್ಪಿಗಲ್ಲ.

ಇದನ್ನೆಲ್ಲ ಓದಿ ಥೈರಾಯ್ಡ್ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಬಿಡಬಾರದು. ಅವು ಕಾಯಿಲೆಯಿಂದ ಮೈಯಲ್ಲಿ ಕೊರತೆಯಾದ ಹಾರ್ಮೋನನ್ನು ತುಂಬಿಕೊಡುವಂಥವು. ರಕ್ತಪರೀಕ್ಷೆ ನೋಡಿ ವೈದ್ಯರೇ ಅದರ ಪ್ರಮಾಣ ಗೊತ್ತುಮಾಡುತ್ತಾರೆ.