ಟಿಪ್ಪುವಿನ ಬೆಳ್ಳಿ ರೂಪಾಯಿ

ಮನೆಯಲ್ಲಿ ನಾವು ‘ರೊಕ್ಕ’ ಅಂತೀವಿ, ಪುಸ್ತಕದಲ್ಲಿ ‘ಹಣ’ ಅಂತ ಬರೀತೀವಿ. ಈ ‘ಹಣ’ ಹಿಂದೆ ಒಂದು ನಾಣ್ಯದ ಹೆಸರು! ಅಂಗಿ ಗುಂಡಿಗಿಂತ ಸಣ್ಣದಾದ ಚಿನ್ನದ ನಾಣ್ಯ, ತೂಕ ಅರ್ಧ ಗ್ರಾಮೂ ಇಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ್ದು ಕಂಠೀರಾಯಿ ಹಣ. ಇಂಥ 10 ಹಣ ಸೇರಿದರೆ ಲೆಕ್ಕದಲ್ಲಿ ಒಂದು ವರಾಹ.

ಆಗ ಮೈಸೂರು ಸೀಮೆಯಲ್ಲಿ ಚಿನ್ನ ಮತ್ತು ತಾಮ್ರದ ನಾಣ್ಯಗಳದ್ದೇ ಕಾರುಬಾರು. ಬೆಳ್ಳಿ ರೂಪಾಯಿ ಉತ್ತರದ ಮೊಗಲರ ಪದ್ಧತಿ. ಅದನ್ನು ಮೈಸೂರಲ್ಲಿ ದೊಡ್ಡದಾಗಿ ತಂದವನು ಟಿಪ್ಪು ಸುಲ್ತಾನ (1782–1799). ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಅವನ ರೂಪಾಯಿ ಸುಮಾರು 11 ಗ್ರಾಂ, ಹೆಸರು ‘ಇಮಾಮಿ’. ಎರಡು ರೂಪಾಯಿಯದು ‘ಹೈದರಿ’. ಆಮೇಲೆ ಅರ್ಧ ಮಾಡುತ್ತಾ ಹೋಗಿ: ಅರ್ಧ ರೂಪಾಯಿ ಆಬಿದಿ, ಕಾಲು ಬಾಕಿರಿ, ಅದರರ್ಧ ಜಾಫರಿ, ಮತ್ತೆ ಅರ್ಧ ಕಾಜಿಮಿ, ಕೊನೆಗೆ 32ನೇ ಒಂದು ಭಾಗ ಖಿಜ್ರಿ. ಕಾಜಿಮಿ ಅಂದರೆ 16ನೇ ಒಂದು ಪಾಲು, ಅಂದರೆ ನಮ್ಮ ಅಜ್ಜಂದಿರ ಒಂದಾಣೆ. ರೂಪಾಯಿಗೆ 16 ಆಣೆ ಲೆಕ್ಕ 1957ರಲ್ಲಿ ನಯಾಪೈಸೆ ಬರೋತನಕ ನಡೀತು.

ವರ್ಷ ಬರೆಯೋ ಕ್ರಮವನ್ನೂ ಟಿಪ್ಪು ಬದಲಿಸಿದ. ಮೊದಲು ಹಿಜರಿ ಇತ್ತು, ಆಮೇಲೆ ‘ಮೌಲೂದಿ’ ಅನ್ನೋ ಹೊಸ ಶಕೆ. ಅದರ ಪರ್ಷಿಯನ್ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು! 5121 ಅಂತ ಕಂಡರೆ ಅದು 1215. ಅದಕ್ಕೆ 572 ಕೂಡಿಸಿದರೆ ಇಸವಿ 1787.

ನಮ್ಮ ಕಡೆಗೂ ಇದರ ನಂಟು ಐತಿ. 1997ರವರೆಗೆ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಆ ಚಿತ್ರದುರ್ಗಕ್ಕೆ ಟಿಪ್ಪು ‘ಫರ್ರುಖ್‌ಯಾಬ್ ಹಿಸಾರ್’ ಅಂತ ಹೆಸರಿಟ್ಟು, ಅಲ್ಲಿ ಆನೆ ಚಿತ್ರದ ತಾಮ್ರದ ಕಾಸು ಹೊಡೆಸಿದ. ದಾವಣಗೆರೆಯನ್ನು ಅವನ ತಂದೆ ಹೈದರಾಲಿ ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಿದ್ದ. ವರ್ತಕರನ್ನು ಕರೆಸಿ ಪೇಟೆ ಬೆಳೆಸಿದವನು ಅವನೇ.

ಇಂಥ ನಾಣ್ಯ ಹೊಲದಾಗ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬ್ಯಾಡ್ರಿ, ಅಕ್ಷರ ಸವೆದು ಹೋಗ್ತಾವು. ಅಕ್ಕಸಾಲಿಗರ ಮೂಸೆಗೆ ಬಿದ್ದರಂತೂ ಉಳಿಯೋದು ಬರೀ ಬೆಳ್ಳಿ, ಇಸವಿ-ಊರು ಎರಡೂ ಹೋದವು. ಕಾಯ್ದೆ ಪ್ರಕಾರ ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮೊದಲು ನಮ್ಮ ಗುರುಗಳಿಗೆ ತೋರಿಸಿದರೂ ಆದೀತು.

ಅಂದಹಾಗೆ, ಟಿಪ್ಪು ಆ ಸಣ್ಣ ಚಿನ್ನದ ಹಣಕ್ಕೂ ‘ರಾಹತಿ’ ಅಂತ ಹೊಸ ಹೆಸರಿಟ್ಟಿದ್ದ. ಅದು ಜನರ ಬಾಯಿಗೆ ಹತ್ತಲಿಲ್ಲ, ‘ಹಣ’ವೇ ಉಳೀತು.

ಲೆಕ್ಕ ಮಾಡಿ: ನಾಣ್ಯದ ಮೇಲೆ 8121 ಇದ್ದರೆ ಇಸವಿ ಯಾವುದು?
(ಉತ್ತರ: 1790)